ಕಂಟ್ರೋಲರ್ ‘ಫುಲ್’ ಅನ್ನುತ್ತೆ, ಫ್ರಿಜ್ ರಾತ್ರಿ ನಿಲ್ಲುತ್ತೆ

ಪ್ರಶ್ನೆ: ಹಳೇ ಟೆಂಪೊ ಟ್ರಾವೆಲರ್ ಒಂದನ್ನು ಮೋಟಾರ್‌ಹೋಮ್ ಮಾಡಿಕೊಂಡಿದ್ದೇವೆ. ಟಾಪ್ ಮೇಲೆ 200 ವ್ಯಾಟ್‌ನ ಎರಡು ಸೋಲಾರ್ ಪ್ಯಾನೆಲ್, ಪ್ಯಾರಲಲ್ ಆಗಿ. ಡ್ರೈವರ್ ಸೀಟಿನ ಹಿಂದೆ ಕಂಟ್ರೋಲರ್ (ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಸಾಧನ), ಹಿಂಬದಿ ಮಂಚದ ಕೆಳಗೆ 150 ಎಎಚ್ ಟ್ಯೂಬುಲರ್ ಬ್ಯಾಟರಿ. ಬೆಳಿಗ್ಗೆ 11ಕ್ಕೆಲ್ಲ ಕಂಟ್ರೋಲರ್ ‘ಫುಲ್’ ತೋರಿಸುತ್ತದೆ. ರಾತ್ರಿ 9ಕ್ಕೆ ಫ್ರಿಜ್ ನಿಂತುಹೋಗುತ್ತದೆ. ಗೋಕರ್ಣದಲ್ಲಿ ಎರಡು ದಿನ ಹಾಲು ಒಡೆದುಹೋಯಿತು. ಬ್ಯಾಟರಿ ಕೊಂಡು ಇನ್ನೂ 14 ತಿಂಗಳಷ್ಟೇ. ಬದಲಾಯಿಸಿ ಅನ್ನುತ್ತಾರೆ ಅಂಗಡಿಯವರು. ಏನು ಮಾಡಲಿ ಸರ್? (ಓದುಗರು, ಹುಬ್ಬಳ್ಳಿ)

ಉತ್ತರ: ಈಗಲೇ ಬ್ಯಾಟರಿ ಕೊಳ್ಳಬೇಡಿ. ಕಂಟ್ರೋಲರ್ ಮುಂದೆ, ಬ್ಯಾಟರಿ ಹಿಂದೆ ಅಂತ ನೀವೇ ಬರೆದಿದ್ದೀರಿ. ನನ್ನ ಅನುಮಾನ ಅವೆರಡರ ನಡುವಿನ ವೈರ್ ಮೇಲೆ.

ಹೆಚ್ಚಿನ ಕಡೆ ಅಲ್ಲಿ ಮನೆ ವೈರಿಂಗ್‌ನ 2.5 ಸ್ಕ್ವೇರ್ ಎಂಎಂ ವೈರನ್ನೇ ಎಳೆದಿರುತ್ತಾರೆ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಕಳೆದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ 12 ವೋಲ್ಟಿನಲ್ಲಿ ಒಂದು ವೋಲ್ಟ್ ಅಂದರೆ ಬ್ಯಾಟರಿ ತುಂಬುವುದಕ್ಕೂ ತುಂಬದಿರುವುದಕ್ಕೂ ಇರುವ ವ್ಯತ್ಯಾಸ. ಲೆಕ್ಕ ನೋಡಿ: ಬ್ಯಾಟರಿ 5 ಮೀಟರ್ ದೂರ ಇದ್ದರೆ ಹೋಗಿ ಬರಲು 10 ಮೀಟರ್ ವೈರ್. ಅದರಲ್ಲಿ 20 ಆಂಪ್ಸ್ ಹರಿದರೆ ಸುಮಾರು ಒಂದೂವರೆ ವೋಲ್ಟ್ ವೈರಿನಲ್ಲೇ ಹೋಯಿತು. ಕಂಟ್ರೋಲರ್ ತನ್ನ ಬಾಯಲ್ಲಿ 14.4 ನೋಡಿ ತುಂಬಿತು ಅಂದುಕೊಳ್ಳುತ್ತದೆ, ಆ ಹೊತ್ತಿಗೆ ಬ್ಯಾಟರಿ ಕಂಡಿರುವುದು 12.9 ಅಷ್ಟೇ. ಅಲ್ಲಿಂದ ಅದು ಕರೆಂಟ್ ಕಡಿಮೆ ಮಾಡುತ್ತಾ ಬರುತ್ತದೆ, ಎಷ್ಟೋ ಕಂಟ್ರೋಲರ್‌ಗಳು ಎರಡು ಗಂಟೆ ಹಾಗೆ ಹಿಡಿದಿಟ್ಟು ಆಮೇಲೆ ಫ್ಲೋಟ್‌ಗೆ, ಅಂದರೆ ತುಂಬಿದ ಬ್ಯಾಟರಿಯನ್ನು ಹಾಗೇ ಉಳಿಸಿಕೊಳ್ಳುವ 13.6ರ ಆಸುಪಾಸಿಗೆ ಇಳಿದುಬಿಡುತ್ತವೆ. ಒಳ್ಳೇ ಬಿಸಿಲಿನ ಹೊತ್ತೆಲ್ಲ ಹೀಗೆ ಸುಮ್ನೆ ಹೋಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿ ಫ್ಯಾನ್, ಲೈಟ್ ಎಲ್ಲ ಹಾಕಿ ಬ್ಯಾಟರಿ ಸ್ವಲ್ಪ ಇಳಿಯಲು ಬಿಡಿ, ಮರುದಿನ ಒಳ್ಳೇ ಬಿಸಿಲು ಬಂದ ಮೇಲೆ, ಕಂಟ್ರೋಲರ್ ಇನ್ನೂ ‘ಫುಲ್’ ಅನ್ನುವ ಮೊದಲೇ ಅಳೆಯಿರಿ. ಕರೆಂಟ್ ಜೋರಾಗಿ ಹರಿಯದಿದ್ದರೆ ವೈರಿನ ದೋಷ ಮೀಟರಿಗೆ ಕಾಣುವುದೇ ಇಲ್ಲ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಕಂಟ್ರೋಲರಿನ ಬ್ಯಾಟರಿ ಟರ್ಮಿನಲ್‌ಗಳಲ್ಲಿ ಒಮ್ಮೆ, ತಕ್ಷಣ ಬ್ಯಾಟರಿಯ ಸೀಸದ ಕಂಬಗಳ ಮೇಲೆ ಒಮ್ಮೆ ಅಳೆಯಿರಿ. ಥಿಂಬಲ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಮೇಲಲ್ಲ, ಕಂಬದ ಮೇಲೇ ಪ್ರೋಬ್ ಇಡಬೇಕು. ಎರಡರ ನಡುವೆ 0.2 ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದ ಹಾಗೆ.

ಆಮೇಲೆ ಒಂದು ಪ್ರೋಬ್ ಕಂಬದ ಮೇಲೆ, ಇನ್ನೊಂದು ಅದೇ ಕಂಬಕ್ಕೆ ಕೂರಿಸಿದ ಥಿಂಬಲ್ ಮೇಲೆ ಇಡಿ. ಸೊನ್ನೆಯ ಹತ್ತಿರ ಇರಬೇಕು. ಫ್ಯೂಸಿನ ಎರಡು ಬದಿಗೂ ಹೀಗೇ ಮಾಡಿ. ನಮ್ಮ ಗಾಡಿಯಲ್ಲಿ ಒಂದು ಥಿಂಬಲ್‌ನಲ್ಲೇ 0.4 ವೋಲ್ಟ್ ಹೋಗುತ್ತಿತ್ತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಪಕ್ಕದ ವೈರಿನ ಕೆಂಪು ಬಣ್ಣ ಕಂದಾಗಿತ್ತು. ಇಕ್ಕಳದಲ್ಲಿ ಒತ್ತಿ ಕೂರಿಸಿದ್ದ ಅದು ಎಳೆದ ತಕ್ಷಣ ಕೈಗೆ ಬಂತು, ಒಳಗೆ ತಾಮ್ರದ ಎಳೆಗಳೆಲ್ಲ ಕಪ್ಪಾಗಿದ್ದವು. ನೀವು ಕರಾವಳಿ ಕಡೆ ಓಡಾಡುವವರು, ಉಪ್ಪು ಗಾಳಿಗೆ ಹಸಿರು ಕಿಲುಬು ಬೇಗ ಹಿಡಿಯುತ್ತದೆ. ಒಂದೊಂದು ಜಾಯಿಂಟನ್ನೂ ಬಿಚ್ಚಿ ನೋಡಿ.

ವೈರೇ ಕಾರಣ ಅಂತಾದರೆ ಕಂಟ್ರೋಲರನ್ನು ಹಿಂದಕ್ಕೆ, ಬ್ಯಾಟರಿಯಿಂದ ಒಂದು ಮೀಟರ್ ಒಳಗೆ ತನ್ನಿ. ಆದರೆ ಬ್ಯಾಟರಿಯ ನೆತ್ತಿ ಮೇಲೆ ಬೇಡ, ಚಾರ್ಜ್ ಆಗುವಾಗ ಗ್ಯಾಸ್ ಬರುತ್ತದೆ. ಮಂಚದ ಕೆಳಗಿನ ಆ ಪೆಟ್ಟಿಗೆಗೆ ಹೊರಗಾಳಿಯ ದಾರಿ ಇದೆಯಾ ಅಂತಲೂ ನೋಡಿ, ಅದರ ಮೇಲೆ ಮಲಗುವವರು ನೀವೇ ಅಲ್ವಾ. ಕಂಟ್ರೋಲರಿನಿಂದ ಬ್ಯಾಟರಿಗೆ 10 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ತಾಮ್ರದ ವೈರ್, ಬ್ಯಾಟರಿ ಪಕ್ಕದಲ್ಲೇ 40 ಆಂಪ್ಸ್ ಫ್ಯೂಸ್ ಹಾಕಿಸಿ. ಪ್ಯಾನೆಲ್‌ನಿಂದ ಬರುವ ವೈರೂ ಆಗ ಉದ್ದವಾಗುತ್ತದೆ, ಅದು 6 ಸ್ಕ್ವೇರ್ ಎಂಎಂಗಿಂತ ಸಣ್ಣದಿರಬಾರದು. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಕೂಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಈ ಕ್ರಮ ತಪ್ಪಿಸಬೇಡಿ, ಕಂಟ್ರೋಲರ್ ಸುಡಬಹುದು.

ಇಷ್ಟಾದ ಮೇಲೆ ಡಿಸ್ಟಿಲ್ಡ್ ವಾಟರ್ ಮಟ್ಟ ಸರಿಮಾಡಿ ಎರಡು ಮೂರು ದಿನ ಪೂರ್ತಿ ಚಾರ್ಜ್ ಆಗಲು ಬಿಡಿ, ಆಮೇಲೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಆರೂ ಸೆಲ್ ನೋಡಿ. ಎಲ್ಲವೂ 1.24ರ ಆಸುಪಾಸು ಇದ್ದರೆ ಬ್ಯಾಟರಿ ಚೆನ್ನಾಗಿದೆ. ಐದು ಸರಿಯಿದ್ದು ಒಂದು ಮಾತ್ರ 1.15ರಲ್ಲೇ ನಿಂತರೆ ಆ ಸೆಲ್ ಹೋಗಿದೆ, ಆಗ ಅಂಗಡಿಯವರ ಮಾತು ಕೇಳಿ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇದ್ದ ಬ್ಯಾಟರಿ ಸ್ವಲ್ಪ ಶಕ್ತಿ ಕಳೆದುಕೊಂಡಿರುತ್ತದೆ, ಅದು ಪೂರ್ತಿ ವಾಪಸ್ ಬರುವುದಿಲ್ಲ. ಹಾಗಾಗಿ ತಡ ಮಾಡಬೇಡಿ.

ಪ್ರಶ್ನೆ: ಕಡಿಮೆ ಬೆಲೆಗೆ ತಂದ ಕಂಟ್ರೋಲರ್ ಮೇಲೆ ಎಂಪಿಪಿಟಿ (ಪ್ಯಾನೆಲ್‌ನಿಂದ ಆದಷ್ಟೂ ಹೆಚ್ಚು ಶಕ್ತಿ ಎಳೆಯುವ ಬಗೆ) ಅಂತ ಬರೆದಿದೆ. ನಿಜವಾ ಅಂತ ತಿಳಿಯುವುದು ಹೇಗೆ? (ಓದುಗರು, ತುಮಕೂರು)

ಉತ್ತರ: ಬ್ಯಾಟರಿ ತುಂಬದೇ ಇರುವಾಗ, ಮಧ್ಯಾಹ್ನದ ಬಿಸಿಲಿನಲ್ಲಿ ಪ್ಯಾನೆಲ್ ಬದಿಯ ವೋಲ್ಟೇಜ್ ಅಳೆಯಿರಿ. 12 ವೋಲ್ಟಿನ ಪ್ಯಾನೆಲ್ ಆದರೆ 16ರಿಂದ 18 ಇರಬೇಕು, ಬ್ಯಾಟರಿ ಕಡೆ ಹೋಗುವ ಆಂಪ್ಸ್ ಪ್ಯಾನೆಲ್‌ನಿಂದ ಬರುವುದಕ್ಕಿಂತ ಜಾಸ್ತಿ ಇರಬೇಕು. ಪ್ಯಾನೆಲ್ ವೋಲ್ಟೇಜೂ ಬ್ಯಾಟರಿಯ ಹಾಗೆ 13ರ ಹತ್ತಿರವೇ ಇದ್ದರೆ ಅದು ಪಿಡಬ್ಲ್ಯೂಎಂ ಅನ್ನುವ ಸರಳ ಬಗೆಯದ್ದು, ಮೇಲಿನ ಅಕ್ಷರ ಏನೇ ಇರಲಿ. ಕೆಲಸ ಮಾಡುತ್ತದೆ, ಆದರೆ ಪ್ಯಾನೆಲ್‌ನ ಶಕ್ತಿಯಲ್ಲಿ ಒಂದು ಪಾಲು ಕೈಗೆ ಸಿಗುವುದಿಲ್ಲ. ಕ್ಲ್ಯಾಂಪ್ ಮೀಟರ್ ತರುವುದಾದರೆ ಡಿಸಿ ಆಂಪ್ಸ್ ಅಳೆಯುವಂಥದ್ದೇ ಕೇಳಿ, ಅಗ್ಗದ ಹಲವು ಮೀಟರ್ ಎಸಿ ಮಾತ್ರ ಅಳೆಯುತ್ತವೆ.

ಪ್ರಶ್ನೆ: ಲಡಾಖ್‌ನಲ್ಲಿ ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ನಮ್ಮ ಲಿಥಿಯಂ ಬ್ಯಾಟರಿ ಚಾರ್ಜ್ ಆಗಲಿಲ್ಲ. ಪ್ಯಾನೆಲ್ ಎರಡು, ಸೀರೀಸ್‌ನಲ್ಲಿವೆ. (ಓದುಗರು, ಬೆಂಗಳೂರು)

ಉತ್ತರ: ಬ್ಯಾಟರಿ ಕೆಟ್ಟಿಲ್ಲ, ತನ್ನನ್ನು ತಾನು ಕಾಪಾಡಿಕೊಂಡಿದೆ. ಸೆಲ್‌ಗಳು ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಿದರೆ ಒಳಗೆ ಶಾಶ್ವತ ಹಾನಿ ಆಗುತ್ತದೆ, ಅದಕ್ಕೇ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಚಾರ್ಜಿಂಗ್ ತಡೆಯುತ್ತದೆ. ಬ್ಯಾಟರಿ ಹೊರಗಿನ ಪೆಟ್ಟಿಗೆಯಲ್ಲಿದ್ದರೆ ನೀವು ಮಲಗುವ ಜಾಗದೊಳಗೆ ತಂದಿಡಿ. ಇನ್ನೊಂದು ಮಾತು, ಚಳಿಯಲ್ಲಿ ಪ್ಯಾನೆಲ್ ವೋಲ್ಟೇಜ್ ಏರುತ್ತದೆ. ಇಲ್ಲಿ ಸೀರೀಸ್‌ನಲ್ಲಿ 44 ವೋಲ್ಟ್ ತೋರಿಸುವ ಎರಡು ಪ್ಯಾನೆಲ್ ಮೈನಸ್ 10ರಲ್ಲಿ 50ರ ಹತ್ತಿರ ಹೋಗುತ್ತವೆ. ನಿಮ್ಮ ಕಂಟ್ರೋಲರಿನ ಮಿತಿ 50 ವೋಲ್ಟ್ ಅಂತಿದ್ದರೆ ಮುಂದಿನ ಸಲ ಘಾಟಿ ಹತ್ತುವ ಮೊದಲೇ ಪ್ಯಾರಲಲ್‌ಗೆ ಬದಲಾಯಿಸಿಕೊಳ್ಳಿ, ಆಗ ಎರಡರ ವೋಲ್ಟೇಜ್ ಕೂಡುವುದಿಲ್ಲ.