ಡೈನೋಸಾರ್ ಗೊಂಬೆಗೆ ಹಚ್ಚಿದ ಬಣ್ಣ ತಿಂಗಳಾದರೂ ಅಂಟಂಟು, ಏನು ಮಾಡಲಿ?

ನೀವು ಕೇಳಿದ್ದು ಇಷ್ಟು. ಬಗ್ಗುವ ಪ್ಲಾಸ್ಟಿಕ್‌ನ ಒಂದು ಟಿ. ರೆಕ್ಸ್ ಗೊಂಬೆಗೆ, ಮನೆಯಲ್ಲಿ ಉಳಿದಿದ್ದ ಎನಾಮೆಲ್ ಪೇಂಟ್ ಹಚ್ಚಿದ್ದೀರಿ. ಒಂದು ತಿಂಗಳಾಯಿತು, ಮುಟ್ಟಿದರೆ ಇನ್ನೂ ಬೆರಳು ಅಂಟುತ್ತದೆ. ಇದು ಮುಂಬಯಿ ಮಳೆಗಾಲದ ಕಾಟವಾ, ದೀಪಾವಳಿ ತನಕ ಕಾದರೆ ಒಣಗುತ್ತದಾ, ಮತ್ತೆ ಯಾವ ಬಣ್ಣ ಹಚ್ಚಿದರೆ ನಿಜವಾದ ಪ್ರಾಣಿಯ ಹಾಗೆ ಕಾಣುತ್ತದೆ ಅಂತ.

ಕಾಯಬೇಡಿ. ಅದು ಒಣಗುವುದಿಲ್ಲ. ದೀಪಾವಳಿಗೂ ಇಲ್ಲ, ಯುಗಾದಿಗೂ ಇಲ್ಲ. ನಾನು ನಾಲ್ಕು ವರ್ಷದ ಹಿಂದೆ ಇದೇ ತಪ್ಪು ಮಾಡಿ ಇಟ್ಟ ಒಂದು ಗೊಂಬೆ ಈಗಲೂ ಇದೆ. ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯ ಅಷ್ಟೂ ಧೂಳು ಅದರ ಬೆನ್ನ ಮೇಲಿದೆ, ಜೊತೆಗೆ ಎರಡು ಸೊಳ್ಳೆ. ಒಂದು ಥರದ ಪಳೆಯುಳಿಕೆ ಅನ್ನಿ.

ಮಳೆಗಾಲ ಬಂತೆಂದರೆ ಬಾಗಿಲು ಉಬ್ಬಿದ್ದಕ್ಕೂ ಮಳೆಗೇ ಬೈಗುಳ, ಹಪ್ಪಳ ಮೆತ್ತಗಾಗಿದ್ದಕ್ಕೂ ಮಳೆಗೇ ಬೈಗುಳ. ಈ ಅಂಟಿಗೆ ಮಾತ್ರ ಕಾರಣ ಪ್ಲಾಸ್ಟಿಕ್ಕು. ಬಾತ್‌ರೂಮಿನ ಗಟ್ಟಿ ಪೈಪು ಪಿವಿಸಿ, ನಿಮ್ಮ ಟಿ. ರೆಕ್ಸ್ ಕೂಡ ಬಹುತೇಕ ಪಿವಿಸಿಯೇ. ಪೈಪು ಬಗ್ಗುವುದಿಲ್ಲ, ಗೊಂಬೆಯ ಬಾಲ ಬಗ್ಗುತ್ತದೆ. ಯಾಕೆಂದರೆ ಗೊಂಬೆಯ ಪಿವಿಸಿಗೆ ಎಣ್ಣೆಯಂಥ ಒಂದು ವಸ್ತು ಬೆರೆಸಿರುತ್ತಾರೆ. ಪ್ಲಾಸ್ಟಿಸೈಸರ್ ಅಂತ ಅದರ ಹೆಸರು. ಅದು ಪ್ಲಾಸ್ಟಿಕ್ ಜೊತೆ ಬೆರೆತು ಒಂದೇ ಆಗಿಬಿಡುವುದಿಲ್ಲ, ನಡುನಡುವೆ ಸುಮ್ನೆ ಕೂತಿರುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಮೇಲಕ್ಕೆ ಬರುತ್ತಲೂ ಇರುತ್ತದೆ. ಮೇಲೆ ಎನಾಮೆಲ್ ಇದ್ದರೆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿದ ಹಾಗೆಯೇ ಅದನ್ನೂ ಮೆತ್ತಗೆ ಮಾಡುತ್ತದೆ. ಹಾಗಾಗಿ ಫ್ಯಾನ್ ಕೆಳಗಿಟ್ಟರೂ ಅಷ್ಟೇ, ಬಿಸಿಲಲ್ಲಿಟ್ಟರೂ ಅಷ್ಟೇ. ಬಿಸಿಲಲ್ಲಿ ಇನ್ನೂ ಜಾಸ್ತಿ ಜಿಗುಟಾಗುತ್ತದೆ. ಥಿನ್ನರ್ ವಾಸನೆ ಬರುವ ಸ್ಪ್ರೇ ಡಬ್ಬಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಅಂಗಡಿಯವರು ಪ್ಲಾಸ್ಟಿಕ್‌ಗೂ ಆಗುತ್ತದೆ ಅನ್ನುತ್ತಾರೆ. ಅದು ಗಟ್ಟಿ ಪ್ಲಾಸ್ಟಿಕ್ಕಿಗೆ.

ಈಗ ಅದನ್ನು ತೆಗೆಯಬೇಕು. ಹಲಸಿನ ಮೇಣ ಕೈಗೆ ಹತ್ತಿದರೆ ನಮ್ಮ ಕಡೆ ತೆಂಗಿನೆಣ್ಣೆ ಹಚ್ಚುತ್ತಾರೆ. ಆ ಉಪಾಯ ಇಲ್ಲಿ ಬೇಡ, ಆಮೇಲೆ ಎಣ್ಣೆ ಹೋಗುವುದಿಲ್ಲ. ಥಿನ್ನರ್ ಮತ್ತು ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ಸುಳಿಯಬೇಡಿ, ಗೊಂಬೆಯ ಹುರುಪೆಗಳೇ ಕರಗಿ ಹೋಗುತ್ತವೆ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮಾರುತ್ತಾರೆ. ಅದನ್ನು ತನ್ನಿ. ಮೊದಲು ಪಾದದ ಅಡಿಯಲ್ಲಿ ಒರೆಸಿ ನೋಡಿ. ಪ್ಲಾಸ್ಟಿಕ್‌ಗೆ ಏನೂ ಆಗದಿದ್ದರೆ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ. ನಿಮ್ಮ ಬಣ್ಣ ಇನ್ನೂ ಹಸಿಯಾಗಿಯೇ ಇರುವುದರಿಂದ ಬರುತ್ತದೆ. ರಾತ್ರಿಯಿಡೀ ಮುಳುಗಿಸಿ ಇಡಬೇಡಿ, ಪ್ಲಾಸ್ಟಿಕ್ ಬಿರುಸಾಗಬಹುದು. ಕಿಟಕಿ ತೆರೆದಿರಲಿ. ಗ್ಯಾಸ್ ಒಲೆ ಉರಿಯುತ್ತಿರುವಾಗ ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ, ಅದು ಬೇಗ ಬೆಂಕಿ ಹಿಡಿಯುವ ದ್ರವ. ಒಂದೇ ರೂಮಿನ ಮನೆಯಾದರೆ ಅಡುಗೆ ಮುಗಿಯುವ ತನಕ ಕಾಯಿರಿ.

ಆಮೇಲೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು. ಹೊಸ ಗೊಂಬೆಯಾದರೂ ಇದನ್ನು ಮಾಡಲೇಬೇಕು. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಹಚ್ಚಿದ ಜಿಡ್ಡು ಮೇಲೆ ಉಳಿದಿರುತ್ತದೆ. ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ.

ಇನ್ನು ಮುಂದೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಮಾತ್ರ. ಫೆವಿಕ್ರಿಲ್‌ನ 15 ಎಂಎಲ್ ಬಾಟಲಿಗಳು ಸಾಕು. ಸ್ಟೇಶನರಿ ಅಂಗಡಿಯಲ್ಲೇ ಸಿಗುತ್ತವೆ. ಬಿಳಿ, ಕಪ್ಪು, ಬರ್ಂಟ್ ಅಂಬರ್ ಅನ್ನುವ ಗಾಢ ಕಂದು, ಓಕರ್ ಅನ್ನುವ ಮಣ್ಣಿನ ಹಳದಿ, ಒಂದು ಇಟ್ಟಿಗೆ ಕೆಂಪು. ಐದೇ. ಹಸಿರು ಬೇಕೆನಿಸಿದರೆ ಓಕರ್‌ಗೆ ಕಪ್ಪು ಸೇರಿಸಿ, ಹಲ್ಲಿಯ ಮೈಗೆ ಸಲ್ಲುವ ಮಾಸಲು ಹಸಿರು ತಾನೇ ಬರುತ್ತದೆ. ಡಬ್ಬದ ಹಸಿರು ಹಚ್ಚಿದರೆ ಜಾತ್ರೆಯ ಗಿಳಿ ಆಗುತ್ತದೆ. ಬಣ್ಣಕ್ಕಿಂತ ಮೊದಲು ಗೆಸ್ಸೊ ಒಂದು ತೆಳು ಕೋಟ್. ಬಣ್ಣ ಹಿಡಿಯಲಿ ಅಂತ ಕ್ಯಾನ್ವಾಸ್‌ಗೆ ಮೊದಲು ಬಳಿಯುತ್ತಾರಲ್ಲ, ಅದೇ. ದಪ್ಪ ಬಳಿದರೆ ಹುರುಪೆಯ ಗೆರೆಗಳು ತುಂಬಿಹೋಗುತ್ತವೆ. ನೀರ್ ದೋಸೆ ಹಿಟ್ಟಿನಷ್ಟು ತೆಳು ಇರಲಿ.

ಬಣ್ಣದ ಕೆಲಸದಲ್ಲಿ ಮೂರು ಹೆಜ್ಜೆ ಇವೆ, ಹೆಚ್ಚಿನ ಮಜಾ ಕೊನೆಯ ಎರಡರಲ್ಲಿ. ಮೊದಲು ಮೈಬಣ್ಣ, ಎರಡು ಮೂರು ತೆಳು ಕೋಟ್. ಅದು ಪೂರ್ತಿ ಒಣಗಿದ ಮೇಲೆ ವಾಶ್. ಅಂಬರ್‌ಗೆ ಒಂಚೂರು ಕಪ್ಪು ಸೇರಿಸಿ, ಕಷಾಯದ ಹಾಗೆ ನೀರು ಮಾಡಿ, ಒಂದು ಹನಿ ಪಾತ್ರೆ ಸೋಪು ಹಾಕಿ ಮೈಮೇಲೆ ಹರಿಸುವುದು. ಸೋಪು ಇಲ್ಲದಿದ್ದರೆ ನೀರು ಹನಿಹನಿಯಾಗಿ ನಿಲ್ಲುತ್ತದೆ, ಇದ್ದರೆ ಸಂದುಗಳಿಗೆ ಇಳಿಯುತ್ತದೆ. ಉಬ್ಬಿದ ಜಾಗದಿಂದ ಬಟ್ಟೆಯಲ್ಲಿ ಒರೆಸಿಬಿಡಿ. ಆಮೇಲೆ ಡ್ರೈ ಬ್ರಶ್. ಮೈಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಿ, ಬ್ರಶ್ಶಿಗೆ ತಗೊಂಡು, ಪೇಪರಿನ ಮೇಲೆ ಒರೆಸಿ ಒರೆಸಿ, ಇನ್ನು ಬಣ್ಣವೇ ಇಲ್ಲ ಅನಿಸಿದಾಗ ಗೊಂಬೆಯ ಮೈಮೇಲೆ ಹಗುರವಾಗಿ ಆಡಿಸಬೇಕು. ಒಂದೊಂದೇ ಹುರುಪೆಯ ತುದಿ ಬೆಳಗಿ ಬರುವುದನ್ನು ಮೊದಲ ಸಲ ನೋಡಿದಾಗ ನಾನು ಊಟ ಮರೆತಿದ್ದೆ.

ಮಳೆಗೆ ಪೂರ್ತಿ ಕ್ಲೀನ್ ಚಿಟ್ ಕೊಡಲಾರೆ. ಜುಲೈಯಲ್ಲಿ ಅಕ್ರಿಲಿಕ್ ಕೂಡ ನಿಧಾನ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಎರಡನೇ ಕೋಟ್ ಎಳೆದರೆ ಮೊದಲನೆಯದು ಕಿತ್ತು ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ದಿನಕ್ಕೆ ಒಂದೇ ಕೋಟ್ ಅಂತ ಇಟ್ಟುಕೊಂಡಿದ್ದೇನೆ. ಸ್ಪ್ರೇ ವಾರ್ನಿಶ್ ಅಂತೂ ಜೂನ್‌ನಿಂದ ಸೆಪ್ಟೆಂಬರ್ ತನಕ ಮುಟ್ಟುವುದಿಲ್ಲ. ಗಾಳಿಯ ತೇವಕ್ಕೆ ಮೇಲೆಲ್ಲ ಬೆಳ್ಳಗೆ ಮಂಜು ಕವಿದ ಹಾಗಾಗುತ್ತದೆ. ಬ್ರಶ್ಶಲ್ಲಿ ಹಚ್ಚುವ, ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸಾಕು. ಬೇಗ ಒಣಗಲಿ ಅಂತ ಹೇರ್ ಡ್ರೈಯರ್ ಹಿಡಿಯಬೇಡಿ. ನಾನು ಹಿಡಿದಿದ್ದೆ. ಬಣ್ಣ ಒಣಗಿತು, ಪ್ರಾಣಿ ಮೂಗು ನೆಲಕ್ಕೆ ಹಚ್ಚಿ ನಮಸ್ಕಾರ ಮಾಡಿತು.

ಎರಡು ಕಾಲಿನ ಗೊಂಬೆಗಳಿಗೆ ಈ ರೋಗ ಮೊದಲೇ ಇದೆ, ಮೇ ತಿಂಗಳ ಸೆಖೆ ಸಾಕು ಮುಂದಕ್ಕೆ ವಾಲಲು. ಔಷಧಿಯೂ ಬಿಸಿಯೇ. ಬಣ್ಣ ಹಚ್ಚುವ ಮೊದಲು ಕಾಲನ್ನು ಬಿಸಿ ನೀರಲ್ಲಿ ಒಂದೆರಡು ನಿಮಿಷ ಅದ್ದಿ, ಮೆತ್ತಗಾದಾಗ ಸರಿಯಾಗಿ ಬಗ್ಗಿಸಿ ಹಿಡಿದು, ಹಾಗೆಯೇ ತಣ್ಣೀರಿಗೆ ಇಳಿಸಿ. ತಣ್ಣಗಾಗುವ ತನಕ ಕೈ ಬಿಡಬೇಡಿ.

ಬರೀ ಬಣ್ಣ ಸಾಲದು, ರೂಪವನ್ನೇ ಬದಲಿಸುತ್ತೇನೆ ಅನ್ನುವ ಆಸೆ ಒಂದಲ್ಲ ಒಂದು ದಿನ ಬರುತ್ತದೆ. ನನಗೆ ಬಂದದ್ದು ರಾಜಾಸಾರಸ್‌ನಿಂದ. ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕ ಮೂಳೆಗಳಿಗೆ 2003ರಲ್ಲಿ ಇಟ್ಟ ಹೆಸರು, ಪೂರ್ತಿ ಹೆಸರು ರಾಜಾಸಾರಸ್ ನರ್ಮದೆನ್ಸಿಸ್. ನಮ್ಮದೇ ನೆಲದ ಬೇಟೆಗಾರ, ಆದರೆ ಇಲ್ಲಿನ ಆಟಿಕೆ ಅಂಗಡಿಗಳಲ್ಲಿ ನನಗೆ ಒಮ್ಮೆಯೂ ಸಿಕ್ಕಿಲ್ಲ. ಎಲ್ಲ ಕಡೆ ಟಿ. ರೆಕ್ಸ್, ಅದೇ ಬಾಯಿ ತೆರೆದ ಟಿ. ರೆಕ್ಸ್. ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಒಂದು ಚೀಲ ಡೈನೋಸಾರ್ ಕೊಂಡಾಗ ಅದರಲ್ಲಿ ಒಂದು ಕಾರ್ನೋಟಾರಸ್ ಇತ್ತು. ಅದು ಅರ್ಜೆಂಟಿನಾದ್ದು, ಕಣ್ಣಿನ ಮೇಲೆ ಎತ್ತಿನ ಹಾಗೆ ಎರಡು ಕೊಂಬು. ರಾಜಾಸಾರಸ್ ಅದೇ ಕುಟುಂಬದ್ದು, ಆದರೆ ತಲೆಯ ನಡುವೆ ಒಂದೇ ಗಿಡ್ಡ ಕೊಂಬು, ಕೊಂಬು ಅನ್ನುವುದಕ್ಕಿಂತ ಗುಬುಟು. ಸರಿ, ಎರಡು ಕೊಂಬು ಕತ್ತರಿಸಿದೆ. ಆ ಜಾಗವನ್ನು ಸ್ಯಾಂಡ್‌ಪೇಪರಿನಿಂದ ಒರಟು ಮಾಡಿದೆ. ನೀರು ಹಾಕಿ ಉಜ್ಜಿದರೆ ಪುಡಿ ಹಾರುವುದಿಲ್ಲ, ಮಾಸ್ಕ್ ಕೂಡ ಹಾಕಿಕೊಳ್ಳಿ. ಆಮೇಲೆ ಎಂ-ಸೀಲ್.

ಎಂ-ಸೀಲ್ ಅಂದರೆ ನಲ್ಲಿ ಸೋರಿದರೆ ಹಚ್ಚುವ ಅದೇ ಎಂ-ಸೀಲ್. ಎರಡು ಉಂಡೆ ಸಮ ಸಮ ಕಲಸಬೇಕು. ಕೈಗೆ ಗ್ಲೌಸ್ ಹಾಕಿ. ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ಕಡಲೆ ಗಾತ್ರದಷ್ಟೇ ಕಲಸಿ. ಬೆರಳನ್ನು ನೀರಲ್ಲಿ ಒದ್ದೆ ಮಾಡಿಕೊಂಡರೆ ಅಂಟುವುದಿಲ್ಲ, ಸೂಜಿಯಿಂದ ಸುಕ್ಕು ಗೀರಬಹುದು. ಒಂದು ಎಚ್ಚರ: ಬಗ್ಗುವ ಜಾಗಕ್ಕೆ ಹಚ್ಚಬೇಡಿ. ಬಾಲದ ಮೇಲೆ ನಾನು ಮಾಡಿದ ಮುಳ್ಳುಗಳ ಸಾಲು ವಾರದಲ್ಲೇ ಉದುರಿತು, ಪ್ಲಾಸ್ಟಿಕ್ ಬಗ್ಗಿತು, ಎಂ-ಸೀಲ್ ಬಗ್ಗಲಿಲ್ಲ. ತಲೆಯ ಗುಬುಟು ಮಾತ್ರ ಇವತ್ತಿಗೂ ಗಟ್ಟಿ.

ಗೊಂಬೆ ನಿಲ್ಲಿಸಲು ಕಲ್ಲು ಬೇಕಿತ್ತು. ಪಕ್ಕದ ಕಟ್ಟಡ ಕೆಲಸದಿಂದ ಒಂದು ಹಿಡಿ ಜಲ್ಲಿ ತಂದೆ, ಇಲ್ಲಿನವರು ಖಡಿ ಅನ್ನುತ್ತಾರೆ. ಅಂಟಿಸುವಾಗ ಒಂದು ವಿಷಯ ತಲೆಗೆ ಹೊಳೆಯಿತು. ಈ ಕಡೆಯ ಕರಿ ಜಲ್ಲಿ ಎಂದರೆ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ ಮೇಲೆ ಹರಿದ ಲಾವಾ. ಖಂಡಾಲಾ ಘಾಟ್ ಕೂಡ ಅದೇ. ರಾಜಾಸಾರಸ್ ಬದುಕಿದ್ದೂ ಹೆಚ್ಚು ಕಡಿಮೆ ಆ ಕಾಲದಲ್ಲೇ. ಅಂಗಡಿಯಲ್ಲಿ ದುಡ್ಡು ಕೊಟ್ಟು ಬೇಸ್ ತರುವ ಬದಲು ಇದು ವಾಸಿ ಅಲ್ವಾ?

ಯಾವ ಬಣ್ಣ ಅಂತ ಕೇಳಿದ್ದೀರಿ. ಕೆಲವು ಡೈನೋಸಾರ್‌ಗಳ ಬಣ್ಣ ನಿಜಕ್ಕೂ ಗೊತ್ತಾಗಿದೆ. ಚೀನಾದ ಸೈನೋಸಾರಾಪ್ಟೆರಿಕ್ಸ್‌ನ ಬಾಲದಲ್ಲಿ ಕಂದುಗೆಂಪು ಮತ್ತು ಬಿಳಿ ಪಟ್ಟೆಗಳಿದ್ದವು ಅಂತ 2010ರಲ್ಲಿ ಹೇಳಿದರು. ಪುಕ್ಕದೊಳಗಿನ ಬಣ್ಣದ ಸೂಕ್ಷ್ಮ ಕಣಗಳು ಕಲ್ಲಿನಲ್ಲಿ ಉಳಿದಿದ್ದವು. ಕೆನಡಾದ ಬೊರಿಯಲೊಪೆಲ್ಟ ಒಂದು ಟನ್ ಮೀರಿದ ಕವಚದ ಪ್ರಾಣಿ. ಅದರ ಮೈ ಕೆಂಪುಕಂದು, ಬೆನ್ನು ಗಾಢ, ಕೆಳಗೆ ತಿಳಿ ಅಂತ 2017ರಲ್ಲಿ ಬಂತು. ಬೆನ್ನು ಕಪ್ಪು, ಹೊಟ್ಟೆ ತಿಳಿ ಇದ್ದರೆ ಮೇಲಿನ ಬಿಸಿಲು, ಕೆಳಗಿನ ನೆರಳು ಸಮವಾಗಿ, ಪ್ರಾಣಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಜಿಂಕೆಯಲ್ಲೂ ಮೀನಿನಲ್ಲೂ ಇದೇ ಉಪಾಯ. ಹಾಗಾಗಿ ನನ್ನ ಎಲ್ಲ ಗೊಂಬೆಗಳಿಗೂ ಹೊಟ್ಟೆ ತಿಳಿಯೇ.

ರಾಜಾಸಾರಸ್‌ನ ಬಣ್ಣಕ್ಕೆ ಅಂಥ ಗುರುತಿಲ್ಲ, ಅಲ್ಲಿ ನಿಮ್ಮದೇ ರಾಜ್ಯ. ಆದರೂ ಬೇರೆಯವರ ಗೊಂಬೆಯ ಫೋಟೋ ನೋಡಿ ಬಳಿಯಬೇಡಿ, ಉಸಿರಾಡುವ ಪ್ರಾಣಿ ನೋಡಿ. ರಾಣಿ ಬಾಗ್ ಮೃಗಾಲಯಕ್ಕೆ ಹೋಗಿ ಮೊಸಳೆಯ ಮುಂದೆ ಅರ್ಧ ಗಂಟೆ ನಿಲ್ಲಿ. ದೊಡ್ಡ ಕತ್ತಿನ ಸಸ್ಯಾಹಾರಿಗಳಿಗೆ ಗೋರೆಗಾಂವ್‌ನ ತಬೇಲಾದ ಎಮ್ಮೆ ನೋಡಿ, ಅದು ಬರೀ ಕಪ್ಪಲ್ಲ. ಮೊಣಕಾಲಲ್ಲಿ ಬೂದಿ, ಕಿವಿಯೊಳಗೆ ಗುಲಾಬಿ, ಒಣಗಿದ ಕೆಸರಿನ ಪಟ್ಟೆ. ನನ್ನ ರಾಜಾಸಾರಸ್‌ಗೆ ಮಾದರಿಯಾದದ್ದು ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಯ ಓತಿಕ್ಯಾತ. ಮೈಯೆಲ್ಲ ಮಣ್ಣಿನ ಬಣ್ಣ, ಹೆಣ್ಣು ಹುಡುಕುವ ಕಾಲದಲ್ಲಿ ಗಂಡಿನ ಕುತ್ತಿಗೆ ಮಾತ್ರ ಕೆಂಡ. ಮೈಗೆ ಓಕರ್, ಗಂಟಲಿಗೆ ಇಟ್ಟಿಗೆ ಕೆಂಪು, ಅಷ್ಟೇ. ಕೆಂಪು ಎಲ್ಲಾ ಕಡೆ ಇದ್ದರೆ ಆ ಗತ್ತು ಬರುವುದಿಲ್ಲ.

ಹಲ್ಲುಗಳಿಗೆ ಅಪ್ಪಟ ಬಿಳಿ ಬೇಡ, ಎಮ್ಮೆ ಹಾಲಿನ ಕೆನೆಯ ಬಣ್ಣ ಇರಲಿ, ಬುಡದಲ್ಲಿ ಸ್ವಲ್ಪ ಕಂದು. ಮನೆಯಲ್ಲಿ ಎಲ್ಲವನ್ನೂ ಬಾಯಿಗಿಡುವ ಮಗು ಇದ್ದರೆ ಗೊಂಬೆ ಮೇಲಿನ ಶೆಲ್ಫಿನಲ್ಲೇ ಇರಲಿ.

ಕಣ್ಣು ಕೊನೆಗೆ. ಮೊದಲು ಕಪ್ಪು, ಅದರೊಳಗೆ ಹಳದಿ, ನಡುವೆ ಬೊಟ್ಟು. ಒದ್ದೆ ಕಾಣಲು ಹೊಳಪಿನ ವಾರ್ನಿಶ್ ಒಂದೇ ಹನಿ, ಕಣ್ಣಿಗೆ ಮತ್ತು ಬಾಯೊಳಗೆ ಮಾತ್ರ. ನೇಲ್ ಪಾಲಿಶ್ ಹಚ್ಚಿದರೆ ಕಥೆ ಮತ್ತೆ ಅಂಟಿನಿಂದ ಶುರು. ಕುಂದಾಪುರದಿಂದ ಬಂದಿದ್ದ ಅಮ್ಮ ದಿನಾ ನೋಡುತ್ತಿದ್ದರು, "ಎಂತದು ಮಾರಾಯ, ಓತಿಕ್ಯಾತಕ್ಕೆ ಬಣ್ಣ ಬಳಿಯುತ್ತಾ ಕೂತಿದ್ದೀಯಲ್ಲ" ಅಂತ ನಗುತ್ತಿದ್ದರು. ಆ ಹನಿ ಇಟ್ಟ ರಾತ್ರಿ ಗೊಂಬೆಯನ್ನು ಒಣಗಲು ಫ್ರಿಜ್ಜಿನ ಮೇಲೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಅದು ಗೋಡೆಗೆ ಮುಖ ಮಾಡಿ ನಿಂತಿತ್ತು. ಚಹಾ ಮಾಡುವಾಗ ಯಾರೋ ನೋಡುತ್ತಿದ್ದ ಹಾಗಾಯಿತಂತೆ ಅಮ್ಮನಿಗೆ.