ಅಪ್ಪ ದುಡಿದರು ಎಂದರೆ ಸಾಲದು, ಏನು ದುಡಿದರು ಎಂದು ಬರೆಯಿರಿ

ಪತ್ರ: ನನ್ನ ತಂದೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ರೈತರು. 1944ರಲ್ಲಿ ಹುಟ್ಟಿದವರು, ಕಳೆದ ವರ್ಷ ತೀರಿಕೊಂಡರು. ಅಮ್ಮ ಇದ್ದಾರೆ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ವರ್ಷದ ಪುಣ್ಯಸ್ಮರಣೆಗೆ ಅವರ ಬಗ್ಗೆ ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿಸಿ ಬಂಧುಗಳಿಗೆ ಕೊಡೋಣವೆಂದೆ. ಅಣ್ಣ ಒಪ್ಪಲಿಲ್ಲ. "ಅಪ್ಪ ಏನು ಮಾಡಿದರು ಎಂದು ಬರೆಯುತ್ತೀಯಮ್ಮ? ಹೊಲ ಉತ್ತರು, ನಮ್ಮನ್ನು ಸಾಕಿದರು, ಸಾಲ ತೀರಿಸಿದರು, ಹೋದರು. ಅದೇ ದುಡ್ಡಿನಲ್ಲಿ ಇನ್ನಷ್ಟು ಜನಕ್ಕೆ ಊಟ ಹಾಕೋಣ" ಎಂದರು. ನಾನು ಬರೆದ ನಾಲ್ಕು ಪುಟಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಇಂಥ ಸಾಮಾನ್ಯ ರೈತರ ಬದುಕನ್ನು ನೀವು ಪ್ರಕಟಿಸುತ್ತೀರಾ? ಅಣ್ಣ ಹೇಳುವುದೇ ಸರಿಯೇ?
ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸಹೋದರಿ, ನಿಮ್ಮ ಅಣ್ಣನವರ ಮಾತಿನಲ್ಲಿ ನ್ಯಾಯ ಇಲ್ಲದಿಲ್ಲ. ತನ್ನ ಬಗ್ಗೆ ತಾನು ಎಂದೂ ಹೇಳಿಕೊಳ್ಳದ ಮನುಷ್ಯನನ್ನು ಸತ್ತ ಮೇಲೆ ಮೆರೆಸುವುದು ಅವರಿಗೆ ಸರಿ ಕಂಡಿಲ್ಲ. ಊಟ ಹಾಕುವುದೂ ದೊಡ್ಡ ಕೆಲಸವೇ. ಹಾಕಲಿ. ಆದರೆ "ಅಪ್ಪ ಏನು ಮಾಡಿದರು" ಎಂಬ ಅವರ ಪ್ರಶ್ನೆಯನ್ನು ಹಾಗೆಯೇ ಬಿಟ್ಟುಬಿಡಲು ನನ್ನಿಂದ ಆಗುವುದಿಲ್ಲ. ಅದು ಅವರೊಬ್ಬರ ಪ್ರಶ್ನೆಯಲ್ಲ. ನಮ್ಮ ಸೀಮೆ ತನಗೆ ಅನ್ನ ಕೊಟ್ಟವರ ಬಗ್ಗೆ ಕೇಳುತ್ತಲೇ ಬಂದಿರುವ, ಕೇಳಿ ಉತ್ತರಕ್ಕೆ ಕಾಯದೆ ಎದ್ದು ಹೋಗುವ ಪ್ರಶ್ನೆ.

ನಿಮ್ಮ ನಾಲ್ಕು ಪುಟಗಳನ್ನು ಓದಿದೆ. ಬೇಸರ ಮಾಡಿಕೊಳ್ಳಬೇಡಿ, ಅದನ್ನು ಹೀಗೆಯೇ ಪ್ರಕಟಿಸುವುದಿಲ್ಲ. ಅಣ್ಣನವರು ಉದಾಸೀನದಿಂದ ಮಾಡಿದ್ದನ್ನು ನೀವು ಭಕ್ತಿಯಿಂದ ಮಾಡಿದ್ದೀರಿ. ತಂದೆ ಶ್ರಮಜೀವಿ, ಸರಳರು, ನಿಗರ್ವಿ, ಕೋಳಿ ಕೂಗುವ ಮೊದಲೇ ಏಳುತ್ತಿದ್ದರು, ಮಕ್ಕಳಿಗಾಗಿ ಹೊಟ್ಟೆ ಬಟ್ಟೆ ಕಟ್ಟಿದರು ಎಂದು ಬರೆದಿದ್ದೀರಿ. ಅಷ್ಟೂ ನಿಜವೆಂದೇ ನಂಬುತ್ತೇನೆ. ಆದರೆ ಹೆಸರೊಂದನ್ನು ಬದಲಿಸಿದರೆ ಈ ನಾಲ್ಕು ಪುಟ ಹಿರಿಯೂರಿನ ಒಬ್ಬ ರೈತರಿಗೂ ಸಲ್ಲುತ್ತದೆ, ಹೊನ್ನಾಳಿಯ ಇನ್ನೊಬ್ಬರಿಗೂ ಸಲ್ಲುತ್ತದೆ. ಕೋಳಿ ಕೂಗುವ ಮೊದಲೇ ಎದ್ದು ಅವರು ಎಲ್ಲಿಗೆ ಹೋದರು? ಹೊಲ ಎರೆಯ ಕಪ್ಪು ಮಣ್ಣೋ, ಮಸಾರಿಯ ಕೆಂಪು ಮಣ್ಣೋ? ಏನು ಬಿತ್ತಿದರು? ಒಂದು ಬೆಳೆಯ ಹೆಸರಿಲ್ಲ, ಒಂದು ಎತ್ತಿನ ಬಣ್ಣವಿಲ್ಲ, ಒಂದು ಮಳೆಯ ಮಾತಿಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳುವವರು ನೀವು. ಮಕ್ಕಳು ಹೀಗೆ ಬರೆದು ತಂದರೆ ಅಂಚಿನಲ್ಲಿ ಏನು ಬರೆದು ವಾಪಸು ಕೊಡುತ್ತೀರಿ?

ಒಂದೇ ಕಡೆ ನಿಮ್ಮ ಕಣ್ಣು ತೆರೆದಿದೆ. ಮೂರನೆಯ ಪುಟದ ಕೊನೆಗೆ, ಬಾವಿಯಲ್ಲಿ ನೀರು ಕಾಣಲಿಲ್ಲವೆಂದು ಅಪ್ಪ ಮರುವರ್ಷದ ಬೇಸಿಗೆಯಲ್ಲಿ ಅದನ್ನು ಮತ್ತೆ ಆಳಕ್ಕೆ ಇಳಿಸಿದರು, ಅಮ್ಮ ಬೆಂಡೋಲೆ ಅಡವಿಟ್ಟರು, ಆಗ ಎಂಟನೆಯ ತರಗತಿಯಲ್ಲಿದ್ದ ಅಣ್ಣ ಶಾಲೆ ಬಿಟ್ಟು ಮಣ್ಣು ಹೊತ್ತರು ಎಂದಿದ್ದೀರಿ. ಮೂರೇ ಸಾಲು. ಉಳಿದ ನಾಲ್ಕು ಪುಟವನ್ನು ಈ ಮೂರು ಸಾಲಿಗೆ ಕೊಟ್ಟುಬಿಡುತ್ತೇನೆ. ಸೋತ ಬಾವಿಗೆ ಮತ್ತೆ ಇಳಿಯಬೇಕೆಂದು ಒಬ್ಬ ಮನುಷ್ಯ ನಿಶ್ಚಯಿಸಿದ್ದು ಏಕೆ, ಯಾರ ಮಾತು ಕೇಳಿ, ಯಾರ ಮಾತು ಮೀರಿ? ಬೆಂಡೋಲೆ ಬಿಡಿಸಿಕೊಂಡದ್ದು ಯಾವಾಗ? ಬಿಡಿಸಿಕೊಂಡರೇ? ಅಣ್ಣನವರು ಮತ್ತೆ ಶಾಲೆಗೆ ಹೋದರೇ?

ಬರೆದಿಡುವುದು ನಮ್ಮ ಸೀಮೆಗೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಮಾತಿದೆ. ನೀವಿರುವ ಊರಿನ ಮಗ್ಗುಲಲ್ಲೇ, ಚಂದ್ರವಳ್ಳಿಯಲ್ಲಿ, ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಪ್ರಾಕೃತದಲ್ಲಿ ಕೊರೆದಿದ್ದಾರೆ. ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದ 11ನೇ ಸಂಪುಟ ಪೂರ್ತಿಯಾಗಿ ಹಳೆಯ ಚಿತ್ರದುರ್ಗ ಜಿಲ್ಲೆಯ ಶಾಸನಗಳದೇ. ಅಂಥ ಸಂಪುಟಗಳನ್ನು ತಿರುವುವಾಗ ನನ್ನ ಕೈ ನಿಲ್ಲುವುದು ಅರಸರ ದಾನಪತ್ರಗಳ ಮೇಲಲ್ಲ, ತುರುಗೊಳ್ ಕಾಳಗದ ವೀರಗಲ್ಲುಗಳ ಮೇಲೆ. ಊರ ದನವನ್ನು ಯಾರೋ ಹೊಡೆದುಕೊಂಡು ಹೋಗುತ್ತಾರೆ, ಊರಿನವನೊಬ್ಬ ಬೆನ್ನಟ್ಟಿ ಹೋಗಿ ದನ ಬಿಡಿಸಿ ಸಾಯುತ್ತಾನೆ. ಊರು ಅವನಿಗೆ ಕಲ್ಲು ನಿಲ್ಲಿಸುತ್ತದೆ. ಕೆಳಗೆ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಮನೆಯವರಿಗೆ ನೆತ್ತರುಗೊಡಗೆಯೆಂದು ಹೊಲ ಬಿಡುವುದೂ ಇತ್ತು. ಒಂದು ದಿನ ದನಕ್ಕಾಗಿ ಕಾದಾಡಿ ಸತ್ತವನನ್ನು ಎಂಟುನೂರು, ಸಾವಿರ ವರ್ಷದ ಹಿಂದಿನವರು ಮರೆಯಲಿಲ್ಲ. ಐವತ್ತು ವರ್ಷ ದನ ಕಟ್ಟಿ, ಮೇವು ಹಾಕಿ, ಬರದಲ್ಲೂ ಮಾರದೆ ಉಳಿಸಿಕೊಂಡವರ ಬಗ್ಗೆ ನಾವು ಏನಿದೆ ಬರೆಯಲು ಎನ್ನುತ್ತೇವೆ.

ಹಾಗೆ ನೋಡಿದರೆ ದುಡಿದವರನ್ನು ಬಿಟ್ಟು ಮಾಡಿಸಿದವರನ್ನು ಬರೆಯುವ ಚಾಳಿಯೂ ಹಳೆಯದೇ. ಹಿರಿಯೂರು ಬಳಿಯ ಮಾರಿಕಣಿವೆ ಅಣೆಕಟ್ಟನ್ನೇ ನೋಡಿ. 1897ರಲ್ಲಿ ಶುರುವಾದ ಕಟ್ಟೆ 1907ರಲ್ಲಿ ಮುಗಿಯಿತು. ಮಹಾರಾಣಿಯವರ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ಜನ ಜಾತ್ರೆಯಂತೆ ಹೋಗಿ ನೋಡಿ ಬಂದರು, ಕಟ್ಟಿಸಿದ ದೊಡ್ಡವರನ್ನು ನೆನೆದರು. ನೆನೆಯಬೇಕಾದ್ದೇ. ಆದರೆ ಹತ್ತು ವರ್ಷ ಅಲ್ಲಿ ಕಲ್ಲು ಹೊತ್ತವರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲ ಮನೆ ಹಿರಿಯೂರು ಸೀಮೆಯಲ್ಲಿ ಎಷ್ಟಿವೆ? ಹೊತ್ತವರಿಗೂ ಮಕ್ಕಳಿದ್ದರು. ಆ ಮಕ್ಕಳೂ ಅಪ್ಪ ಏನು ಮಾಡಿದ, ಕೂಲಿ ಮಾಡಿದ ಎಂದು ಸುಮ್ಮನಾಗಿರಬೇಕು.

ಈಗ ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. 1944 ಎಂದರೆ ಮೈಸೂರು ಸಂಸ್ಥಾನದ ಪ್ರಜೆಯಾಗಿ ಹುಟ್ಟಿದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಮೂವತ್ತರ ಆಸುಪಾಸು. 1997ರ ಆಗಸ್ಟ್ 15ರಂದು ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. ಸಂಸ್ಥಾನ ಹೋಯಿತು, ರಾಜ್ಯದ ಹೆಸರು ಬದಲಾಯಿತು, ಜಿಲ್ಲೆ ಬದಲಾಯಿತು, ಅವರು ಅದೇ ಹೊಲದ ಬದುವಿನ ಮೇಲೆ ನಿಂತಿದ್ದರು. ಆ ಹೊಲ ಅವರಿಗೆ ಹೇಗೆ ಬಂತು? ಪಿತ್ರಾರ್ಜಿತವೋ, ಕೊಂಡದ್ದೋ, 1974ರ ಭೂಸುಧಾರಣೆಯಲ್ಲಿ 7ನೇ ನಮೂನೆಯ ಅರ್ಜಿ ಹಾಕಿ ಗೇಣಿ ಹೊಲವನ್ನು ತಮ್ಮದು ಮಾಡಿಕೊಂಡದ್ದೋ? ಹಾಕಿದ್ದರೆ ಹೊಲದ ಧಣಿಗಳ ಮುಖ ನೋಡಿ ಆ ಅರ್ಜಿ ಹಾಕಲು ಎಷ್ಟು ಧೈರ್ಯ ಬೇಕಾಗಿತ್ತು ಎಂಬುದು ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಹಾಕದೆ ಬಿಟ್ಟಿದ್ದರೆ ಅದಕ್ಕೂ ಕಾರಣ ಇರುತ್ತದೆ. ಎರಡೂ ಬರೆಯತಕ್ಕ ವಿಷಯವೇ.

ಬೆಳೆಯ ಸಂಗತಿ ಇನ್ನೂ ದೊಡ್ಡದು. ನಿಮ್ಮ ಸೀಮೆಯ ಹೊಲದಲ್ಲಿ ಜೋಳ, ನವಣೆ, ಶೇಂಗಾ, ಹತ್ತಿ, ಸಾಲಿನ ನಡುವೆ ತೊಗರಿ, ಅಲಸಂದೆಯ ಅಕ್ಕಡಿ ಇದ್ದ ಕಾಲದಲ್ಲಿ ಅವರು ರಂಟೆ ಹಿಡಿದಿದ್ದಾರೆ. 1972ರಲ್ಲಿ ಡಾ. ಕಟರಕಿಯವರು ಧಾರವಾಡದಲ್ಲಿ ರೂಪಿಸಿದ ವರಲಕ್ಷ್ಮಿ ಹತ್ತಿ ಬಂತು. ಒಂದೊಂದು ಹೂವಿನ ಗಂಡುಭಾಗವನ್ನು ಕೈಯಿಂದ ತೆಗೆದು, ಕೈಯಿಂದಲೇ ಪರಾಗ ಮುಟ್ಟಿಸಿ ಮಾಡುವ ಸಂಕರ ಬೀಜ, ಹಾಗಾಗಿ ಬೆಲೆ ಹೆಚ್ಚು. ಬಿತ್ತಿದವರಿಗೆ ಹೊಸ ರೊಕ್ಕವೂ ಬಂತು, ಔಷಧಿ ಅಂಗಡಿಯ ಹೊಸ ಬಾಕಿಯೂ ಬಂತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಗಿರಣಿಗಳ ಕಾಲ ಅದು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಹತ್ತಿ, ಜೋಳದ ಹೊಲಗಳಿಗೆ ಮೆಕ್ಕೆಜೋಳ ಬಂತು. ಈ ತಿರುವುಗಳಲ್ಲೆಲ್ಲ ನಿಮ್ಮ ತಂದೆ ಏನು ಮಾಡಿದರು? ಎಲ್ಲರಿಗಿಂತ ಮೊದಲು ಹೊಸ ಬೀಜ ತಂದವರೇ, ನಾಲ್ಕು ಜನ ಮಾಡಿದ್ದನ್ನು ನೋಡಿ ಮಾಡಿದವರೇ, ಕೊನೆಯವರೆಗೂ ಮನೆಯ ಊಟಕ್ಕೆಂದು ಒಂದು ಎಕರೆ ಬಿಳಿಜೋಳ ಬಿಡದವರೇ? ಬೀಜ ರೂಪಿಸಿದವರ ಹೆಸರು ದಾಖಲೆಯಲ್ಲಿ ಉಳಿದಿದೆ, ಉಳಿಯಬೇಕು. ಅದನ್ನು ನಂಬಿ ಮೊದಲು ಮಣ್ಣಿಗೆ ಹಾಕಿ, ಆ ವರ್ಷದ ಅನ್ನವನ್ನೇ ಪಣಕ್ಕಿಟ್ಟವರ ಹೆಸರು ಅವರ ಮನೆಯಲ್ಲೇ ಉಳಿಯದಿದ್ದರೆ ಇನ್ನೆಲ್ಲಿ ಉಳಿಯಬೇಕು?

ಭರಮಸಾಗರದ ಕಡೆಯ ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರನ್ನು ಮಾತನಾಡಿಸಲು ಹೋಗಿದ್ದೆ. "ಅವರಿಗೇನು ಗೊತ್ತು ಸಾರ್, ಬರೀ ದುಡಿಮೆ" ಎಂದು ಮನೆಯವರೇ ತಡೆದರು. ಅವರೂ ಮಾತಿಗೆ ಸಿಗಲಿಲ್ಲ. ಬೀಜ ಬಿತ್ತುವ ಕೂರಿಗೆಯ ವಿಷಯ ಎತ್ತಿದ ಮೇಲೆ ಗೋಡೆಗೆ ಒರಗಿದ್ದವರು ಎದ್ದು ಕುಳಿತರು. ಬಟ್ಟಲಿಗೆ ಕಾಳು ಬಿಡುವ ಕೈ ಎತ್ತಿನ ಹೆಜ್ಜೆಗೆ ಹೇಗೆ ಹೊಂದಬೇಕು, ಜೋಳಕ್ಕೆ ಮುಷ್ಟಿ ಎಷ್ಟು ಸಡಿಲ ಇರಬೇಕು, ಬಿದಿರಿನ ಕೊಳವೆ ಕಟ್ಟಿಕೊಂಡರೆ ಕಾಳು ಬೀಳುವ ಸದ್ದಿನಲ್ಲೇ ಅದು ಹೇಗೆ ಗೊತ್ತಾಗುತ್ತದೆ, ತೇವ ಬೆರಳಿನ ಎಷ್ಟನೆಯ ಗೆರೆಗೆ ಸಿಕ್ಕರೆ ಬಿತ್ತಬಹುದು, ರೋಹಿಣಿ ಮಳೆ ಆಸೆ ತೋರಿಸಿ ಹಿಂದೆ ಸರಿದರೆ ಎಷ್ಟು ದಿನ ಕಾಯಬೇಕು ಎಂದೆಲ್ಲ ಹೇಳುತ್ತ ಹೋದರು. ಕೃಷಿ ಪದವಿ ಓದುತ್ತಿದ್ದ ಮೊಮ್ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ತಾತ ಇಷ್ಟು ಮಾತನಾಡಿದ್ದನ್ನು ನೋಡಿಯೇ ಇಲ್ಲವೆಂದ. ಯಾರೂ ಕೇಳಿರಲಿಲ್ಲ, ಅಷ್ಟೇ. ನಿಮ್ಮ ಬರಹದಲ್ಲಿ "ಅಪ್ಪ ಮಾತು ಕಡಿಮೆ" ಎಂದಿದ್ದೀರಲ್ಲ, ಆ ಸಾಲು ಓದಿದಾಗ ಆ ಹಿರಿಯರೇ ನೆನಪಾದರು.

ಶರಣರ ಕಾಲದಲ್ಲಿ ಹೀಗಿರಲಿಲ್ಲ. ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯ, ಒಕ್ಕಲಿಗ ಮುದ್ದಣ್ಣ ಎಂದು ಹೆಸರಿಗೇ ಕಸುಬು ಸೇರಿಸಿ ಕರೆದರು. ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ್ದನ್ನು ಇವತ್ತಿಗೂ ಹೇಳುತ್ತೇವೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದವರು. ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವರ ಮಾತನ್ನು ಜಾತ್ರೆಗೆ ಹೋಗುವವರೆಲ್ಲ ಬಲ್ಲರು. ನಿಮ್ಮ ಅಣ್ಣನವರೂ ಪುಣ್ಯಸ್ಮರಣೆಯ ಕಾರ್ಡಿನ ಮೇಲೆ ಕಾಯಕವೇ ಕೈಲಾಸ ಎಂದು ಅಚ್ಚು ಹಾಕಿಸಬಹುದು. ಆದರೆ ಕಾಯಕ ಯಾವುದೆಂದು ಕಾರ್ಡಿನಲ್ಲಿ ಇರುವುದಿಲ್ಲ.

ಲಕ್ಕಮ್ಮನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ನಿಮ್ಮ ನಾಲ್ಕು ಪುಟದಲ್ಲಿ ಅಮ್ಮ ಬರುವುದು ಆ ಬೆಂಡೋಲೆಯ ಸಾಲಿನಲ್ಲಿ ಮಾತ್ರ. ಪಹಣಿ ತಂದೆಯವರ ಹೆಸರಿನಲ್ಲಿ ಇರಬಹುದು, ಆದರೆ ಹತ್ತಿ ಬಿಡಿಸಿದ್ದು, ಕಳೆ ತೆಗೆದದ್ದು, ಆಳುಗಳಿಗೆ ಬುತ್ತಿ ಹೊತ್ತದ್ದು ಯಾರು? ಯಾವ ಸಾಲ ಯಾವ ಮದುವೆಗೆ, ಯಾವ ಎತ್ತು ಯಾವ ಸಂತೆಯಿಂದ, 1972ರ ಬರದಲ್ಲಿ ಒಲೆಯ ಮೇಲೆ ಏನಿತ್ತು ಎಂಬ ಲೆಕ್ಕವೆಲ್ಲ ಅಮ್ಮನ ಬಳಿ ಇದೆ. ಅವರು ಇದ್ದಾರೆಂದು ನಿಮ್ಮ ಪತ್ರದಿಂದ ತಿಳಿದು ಸಮಾಧಾನವಾಯಿತು. ಮೊದಲು ಅವರ ಬಳಿ ಹೋಗಿ ಕುಳಿತುಕೊಳ್ಳಿ.

ಕೋಪವನ್ನೂ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗಳ ನಿಧನವಾರ್ತೆಗಳನ್ನು ನೋಡಿ. "ಪ್ರಗತಿಪರ ರೈತರಾಗಿದ್ದರು, ಪತ್ನಿ, ಇಬ್ಬರು ಪುತ್ರರು, ಅಪಾರ ಬಂಧುಬಳಗವನ್ನು ಅಗಲಿದ್ದಾರೆ." ಏನು ಪ್ರಗತಿ, ಯಾವ ಬೆಳೆ, ಒಂದಕ್ಷರ ಇಲ್ಲ. ಸೊಸೈಟಿಯ ನಿರ್ದೇಶಕರಾಗಿದ್ದರೆ ಅದೊಂದು ಸಾಲು ಹೆಚ್ಚು. ಅಧಿಕಾರದಲ್ಲಿದ್ದವರಿಗೆ, ನಿವೃತ್ತರಾದವರಿಗೆ ಇಟ್ಟಿಗೆಯಷ್ಟು ದಪ್ಪದ ಅಭಿನಂದನ ಗ್ರಂಥಗಳು ಬರುತ್ತವೆ, ಬಿಡುಗಡೆಯ ದಿನ ಹಾರ ತುರಾಯಿ ಆಗಿ ಕಪಾಟು ಸೇರುತ್ತವೆ. 1779ರಲ್ಲಿ ಹೈದರನಿಗೆ ದುರ್ಗ ಬಿದ್ದ ಕಥೆ ನಮಗೆ ಬಾಯಿಪಾಠ, ಆ ಕೋಟೆಯ ಕಣಜ ತುಂಬಿದ ಊರುಗಳ ಕಥೆಯನ್ನು ಕೇಳುವವರಿಲ್ಲ. ದಾವಣಗೆರೆಯ ಗಿರಣಿ ಪಾಳಿಗಳಲ್ಲಿ ಆಯುಷ್ಯ ಸವೆಸಿದವರ ಮಕ್ಕಳು ಅಪ್ಪ ಮಿಲ್ಲಿನಲ್ಲಿದ್ದರು ಎನ್ನುತ್ತಾರೆ, ಯಾವ ಖಾತೆಯಲ್ಲಿ, ಯಾವ ಯಂತ್ರದ ಮುಂದೆ ಎಂದರೆ ತಿಳಿಯದು. ಓದಿ ಪೇಟೆ ಸೇರಿದ ನಾವು ಹೊಲವನ್ನು ಮಾತ್ರ ಬಿಟ್ಟು ಬರಲಿಲ್ಲ, ಅಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬ ತಿಳಿವಳಿಕೆಯನ್ನೇ ಬಿಟ್ಟು ಬಂದೆವು. ಈಗ ಆ ಜಾಗದಲ್ಲಿ ಹೊಗಳಿಕೆ ತುಂಬುತ್ತಿದ್ದೇವೆ.

ಜಗಳವನ್ನೂ ಬಿಡಬೇಡಿ. ಬದುವಿನ ವ್ಯಾಜ್ಯ, ಪಾಲಿನ ಮನಸ್ತಾಪ, ಜಪ್ತಿಗೆ ಬಂದವರ ಮುಂದೆ ನಿಂತದ್ದು, 1980ರ ನಂತರ ರೈತ ಸಂಘದ ಹಸಿರು ಶಾಲು ಹೊದ್ದಿದ್ದರೆ ಅದು, ಲುಕ್ಸಾನಾದ ಬೆಳೆ, ಹುಸಿಯಾದ ಕೊಳವೆಬಾವಿ ಎಲ್ಲವೂ ಇರಲಿ. ಬದುಕಿರುವವರಿಗೆ ನೋವಾಗುವಂತಿದ್ದರೆ ಹೆಸರು ಬಿಟ್ಟು ಬರೆಯಿರಿ, ಸಂಗತಿ ಬಿಡಬೇಡಿ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯ ನೀರು ನಿಮ್ಮ ಊರ ಕೆರೆಗೆ ಬಂದಿದ್ದರೆ, ತಂದೆಯವರು ಅದನ್ನು ಕಂಡರೇ ಎಂಬುದನ್ನೂ ತಿಳಿಸಿ.

ಊರಿಗೆ ಹೋಗುವಾಗ ಅಣ್ಣನವರನ್ನು ಜೊತೆಗೆ ಕರೆದುಕೊಂಡು ಹೋಗಿ. ತಂದೆಯವರ ಜೊತೆ ಮುಯ್ಯಾಳಾಗಿ, ಅಂದರೆ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯಲ್ಲಿ ಬಂದು ದುಡಿದವರಲ್ಲಿ ಇನ್ನೂ ಯಾರು ಇದ್ದಾರೆ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬಾವಿಯ ಭಾಗವನ್ನು ಅವರೇ ಹೇಳಲಿ, ನೀವು ಬರೆದುಕೊಳ್ಳಿ. ಈ ಕೆಲಸ ಊಟದ ಖರ್ಚಿಗೆ ಅಡ್ಡ ಬರುವುದಿಲ್ಲವೆಂದು ನಾನು ಹೇಳಿದೆನೆಂದೇ ಹೇಳಿ. ಪುಟಗಳ ಮಿತಿ ಇಟ್ಟುಕೊಳ್ಳಬೇಡಿ, ಹೆಚ್ಚಾದರೆ ಎರಡು ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಫೋಟೋ ಕಳಿಸುವುದಾದರೆ ಶಾಲು ಹೊದಿಸಿ ಸ್ಟುಡಿಯೋದಲ್ಲಿ ತೆಗೆಸಿದ್ದು ಬೇಡ. ಹೊಲದಲ್ಲೋ ಕಣದಲ್ಲೋ ತೆಗೆದದ್ದು ಒಂದಾದರೂ ಯಾರದಾದರೂ ಮೊಬೈಲಿನಲ್ಲಿ ಇರುತ್ತದೆ, ಹುಡುಕಿಸಿ.