ದುಡ್ಡಿಗೆ ಬಂದೂಕು ಹಿಡಿಯುವವನು ಹೀರೋ ಹೇಗಾಗುತ್ತಾನೆ?

‘ಹ್ಯಾವ್ ಗನ್, ವಿಲ್ ಟ್ರಾವೆಲ್’ ಅನ್ನುವ ಹಳೇ ಕಪ್ಪು-ಬಿಳುಪು ಧಾರಾವಾಹಿಯನ್ನು ಜನ ಇವತ್ತಿಗೂ ಹುಡುಕಿಕೊಂಡು ನೋಡುತ್ತಾರೆ, ಅದರ ನಾಯಕ ಪ್ಯಾಲಡಿನ್ ಬಾಡಿಗೆ ಬಂದೂಕುಗಾರ, ಅಂಥವನನ್ನು ಮೆಚ್ಚಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅವನು ದುಡ್ಡು ತಗೊಳ್ಳುತ್ತಾನೆ ಅನ್ನುವುದೇ ಇಡೀ ಧಾರಾವಾಹಿಯ ಜೀವ. ಅದನ್ನು ತೆಗೆದುಬಿಟ್ಟರೆ ಅವನೂ ಕುದುರೆ ಮೇಲೆ ಬರುವ ಇನ್ನೊಬ್ಬ ಒಳ್ಳೆಯ ಮನುಷ್ಯ, ಅಷ್ಟೆ.

ಇದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1957ರಿಂದ 1963ರವರೆಗೆ ಶನಿವಾರ ರಾತ್ರಿ ಬರುತ್ತಿತ್ತು. ಒಟ್ಟು 225 ಕಂತು, ಒಂದೊಂದೂ ಅರ್ಧ ಗಂಟೆಯ ಲೆಕ್ಕ. ಆಗ ಅಲ್ಲಿನ ಟಿವಿಯಲ್ಲಿ ಎಲ್ಲಿ ನೋಡಿದರೂ ಕೌಬಾಯ್‌ಗಳೇ. ಆ ಕಥೆಗಳ ನಾಯಕರಿಗೆ ಸಾಮಾನ್ಯವಾಗಿ ಎದೆಯ ಮೇಲೆ ಸರ್ಕಾರದ ಬಿಲ್ಲೆ ಇರುತ್ತದೆ, ಇಲ್ಲವೇ ಜಮೀನು, ದನ, ಮಗ ಅಂತ ಏನೋ ಒಂದು ಇರುತ್ತದೆ. ಪ್ಯಾಲಡಿನ್‌ಗೆ ಇರುವುದು ಒಂದು ವಿಸಿಟಿಂಗ್ ಕಾರ್ಡ್. ಅದರ ಮೇಲೆ ಚದುರಂಗದ ಕುದುರೆಯ ಚಿತ್ರ, ಸ್ಯಾನ್ ಫ್ರಾನ್ಸಿಸ್ಕೋಗೆ ತಂತಿ ಕಳಿಸಿ ಅನ್ನುವ ಸೂಚನೆ. ಅವನ ನಿಜವಾದ ಹೆಸರು ಏನು ಅಂತ ಕೊನೆಯವರೆಗೂ ಹೇಳುವುದೇ ಇಲ್ಲ.

ಊರಿನಲ್ಲಿದ್ದಾಗ ಅವನು ಕಾರ್ಲ್‌ಟನ್ ಹೋಟೆಲಿನಲ್ಲಿ ಠಾಕುಠೀಕಾಗಿ ಇರುತ್ತಾನೆ. ಕಸೂತಿ ಅಂಗಿ, ಒಳ್ಳೆ ಸಿಗಾರ್, ಆಪೆರಾ, ಜೂಜು, ಪಕ್ಕದಲ್ಲಿ ಯಾರಾದರೂ ಚೆಲುವೆ. ಬೆಳಗ್ಗೆ ಬೇರೆ ಬೇರೆ ಊರಿನ ಪೇಪರ್ ಓದುತ್ತಾ ಕೂತು, ಎಲ್ಲಾದರೂ ಜಗಳದ ಸುದ್ದಿ ಕಂಡರೆ ಅದನ್ನು ಕತ್ತರಿಸಿ, ಜೊತೆಗೆ ತನ್ನ ಕಾರ್ಡ್ ಇಟ್ಟು ಪೋಸ್ಟ್ ಮಾಡಿಸುತ್ತಾನೆ. ಅಂದರೆ ಗಿರಾಕಿಯನ್ನು ತಾನೇ ಹುಡುಕಿಕೊಳ್ಳುತ್ತಾನೆ! ಕೆಲಸ ಸಿಕ್ಕಿದರೆ ಮೈತುಂಬ ಕಪ್ಪು ಬಟ್ಟೆ. ಫೀಸು ಹೆಚ್ಚಾಗಿ ಸಾವಿರ ಡಾಲರ್. ಕಥೆ ನಡೆಯುವ 1870ರ ದಶಕದಲ್ಲಿ ದನ ಕಾಯುವ ಕೌಬಾಯ್‌ಗೆ ತಿಂಗಳಿಗೆ ಮೂವತ್ತು-ನಲವತ್ತು ಡಾಲರ್ ಸಿಗುತ್ತಿತ್ತು. ಅವನ ಎರಡು ಮೂರು ವರ್ಷದ ದುಡಿಮೆಯನ್ನು ಇವನು ಒಂದೇ ಕೆಲಸಕ್ಕೆ ಕೇಳುತ್ತಾನೆ. ಹಾಗಾಗಿ ಅವನನ್ನು ಕರೆಸುವವರಲ್ಲಿ ದುಡ್ಡು, ಭೂಮಿ, ಹಟ ಇರುವವರೇ ಜಾಸ್ತಿ.

ಅಲ್ಲಿಂದ ಕಥೆ ಶುರು. ಕರೆಸಿದವರು ಹೇಳಿದ್ದು ಅರ್ಧ ಸತ್ಯ ಆಗಿರುತ್ತದೆ. ಮಗಳನ್ನು ಓಡಿಸಿಕೊಂಡು ಹೋದರು, ಕಳ್ಳನನ್ನು ಹಿಡಿದು ತಾ, ಕೊಲೆಗಾರನನ್ನು ಗಲ್ಲಿಗೆ ಒಪ್ಪಿಸು. ಇವನು ಹೋಗಿ ನೋಡಿದರೆ ಇನ್ನೊಂದು ಕಡೆಯವರಿಗೂ ಒಂದು ಮಾತಿದೆ. ಪೊಲೀಸಿನವನಾಗಿದ್ದರೆ ಕಾನೂನು ಏನು ಹೇಳುತ್ತದೋ ಅದನ್ನು ಮಾಡಿ ಕೈ ತೊಳೆದುಕೊಳ್ಳಬಹುದಿತ್ತು. ಇವನಿಗೆ ಆ ಅನುಕೂಲ ಇಲ್ಲ. ದುಡ್ಡು ಕೊಟ್ಟವನಿಗೆ ನಿಷ್ಠೆ ಎಲ್ಲಿಯವರೆಗೆ, ಯಾವಾಗ ಬೆನ್ನು ತಿರುಗಿಸಬೇಕು, ಇದನ್ನು ಪ್ರತಿ ವಾರ ಹೊಸದಾಗಿ ತೀರ್ಮಾನಿಸಬೇಕು. ಎಷ್ಟೋ ಸಲ ಕರೆಸಿದವನ ವಿರುದ್ಧವೇ ನಿಲ್ಲುತ್ತಾನೆ. ಸಂಬಳಕ್ಕೆ ದುಡಿಯುವ ನಮಗೆಲ್ಲ ಈ ಇಕ್ಕಟ್ಟು ಗೊತ್ತಿರುವುದೇ ಅಲ್ವಾ? ನಮ್ಮ ಸೊಂಟದಲ್ಲಿ ಪಿಸ್ತೂಲು ಇಲ್ಲ, ಅಷ್ಟೇ ವ್ಯತ್ಯಾಸ.

ಇದರ ಬೇರು ಎಲ್ಲಿದೆ ಅಂತ ಗೊತ್ತಾಗುವುದು ತೀರಾ ತಡವಾಗಿ, 1962ರಲ್ಲಿ ಶುರುವಾದ ಕೊನೆಯ ಸೀಸನ್ನಿನ ಮೊದಲ ಕಂತಿನಲ್ಲಿ. ಜೂಜಿನ ಸಾಲ ತೀರಿಸುವುದಕ್ಕೆ ಯುವಕ ಪ್ಯಾಲಡಿನ್ ಒಬ್ಬ ಮುದಿ ಬಂದೂಕುಗಾರನನ್ನು ಕೊಲ್ಲಲು ಹೋಗುತ್ತಾನೆ, ಕೊಲ್ಲುತ್ತಾನೆ. ಆಮೇಲೆ ತಿಳಿಯುತ್ತದೆ, ಆ ಮುದುಕನೇ ಒಂದು ಊರಿಗೆ ಕಾವಲಾಗಿದ್ದ, ಸಾಲ ಕೊಟ್ಟು ಇವನನ್ನು ಕಳಿಸಿದವನೇ ಆ ಊರಿನ ಶತ್ರು. ಮುದುಕ, ಯುವಕ ಎರಡೂ ಪಾತ್ರ ನಾಯಕ ನಟ ರಿಚರ್ಡ್ ಬೂನ್ ಅವರದೇ. ಮೊದಲಿನ ಐದು ವರ್ಷ ಅವನು ಗಿರಾಕಿಯ ಮಾತನ್ನು ಯಾಕೆ ಅಷ್ಟು ಅನುಮಾನದಿಂದ ಕೇಳುತ್ತಿದ್ದ ಅನ್ನುವುದು ಇಲ್ಲಿ ಅರ್ಥವಾಗುತ್ತದೆ. ನನಗೆ ಇಡೀ ಸರಣಿಯಲ್ಲಿ ಇದಕ್ಕಿಂತ ಇಷ್ಟವಾದ ಕಂತಿಲ್ಲ.

ಬೂನ್ ಬಗ್ಗೆ ಹೇಳಲೇಬೇಕು. ಸಿನಿಮಾದ ಲೆಕ್ಕದಲ್ಲಿ ಅವರು ಚೆಲುವರಲ್ಲ. ದಪ್ಪ ಮೂಗು, ಒರಟು ಚರ್ಮ, ಬಾಗಿದ ಮೀಸೆ. ಆದರೆ ಆ ದನಿ! ಬೆದರಿಕೆ ಹಾಕುವಾಗ ಸ್ವರ ಏರಿಸುವುದಿಲ್ಲ, ಇಳಿಸುತ್ತಾರೆ. ಹಲವು ಕಂತುಗಳನ್ನು ನಿರ್ದೇಶಿಸಿದ್ದೂ ಅವರೇ. ‘ಸ್ಟಾರ್ ಟ್ರೆಕ್’ ಹುಟ್ಟಿಸುವ ಮೊದಲು ಜೀನ್ ರಾಡನ್‌ಬೆರಿ ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಂತು ಬರೆದಿದ್ದಾರೆ. ಆ ಕಾಲದಲ್ಲಿ ರೇಡಿಯೋ ಕಥೆಗಳು ಟಿವಿಗೆ ಬರುತ್ತಿದ್ದವು, ಇದು ಮಾತ್ರ ಉಲ್ಟಾ, ಟಿವಿಯಿಂದ ರೇಡಿಯೋಗೆ ಹೋಯಿತು.

ಎಲ್ಲವೂ ಚೆನ್ನಾಗಿದೆ ಅಂತ ಸುಮ್ನೆ ಹೇಳುವುದಿಲ್ಲ. ಹೋಟೆಲಿನ ಚೀನೀ ಕೆಲಸಗಾರನನ್ನು ‘ಹೇ ಬಾಯ್’ ಅಂತಲೇ ಕರೆಯುತ್ತಾರೆ, ಇವತ್ತು ಕೇಳಿದರೆ ಕಸಿವಿಸಿ ಆಗುತ್ತದೆ. ನಟ ಕಾಮ್ ಟಾಂಗ್ ಆ ಪಾತ್ರಕ್ಕೆ ಘನತೆ ತಂದರು ಅನ್ನುವುದು ನಿಜ. ರೈಲ್ವೆ ಕೆಲಸದಲ್ಲಿ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಕಳೆದುಕೊಂಡು ಅವನು ಸೇಡಿಗೆ ಹೊರಡುವ ಒಂದು ಕಂತೂ ಇದೆ. ಆದರೂ ಹೆಚ್ಚಿನ ವಾರ ಅವನ ಕೆಲಸ ತಂತಿ ತಂದುಕೊಡುವುದಷ್ಟೇ. ಇನ್ನೊಂದು ತೊಂದರೆ, ಪ್ಯಾಲಡಿನ್ ಕವಿತೆ ಹೇಳುವುದು. ಕೆಲವು ಕಡೆ ಸೊಗಸು, ಕೆಲವು ಕಡೆ ಗುಂಡು ಹಾರುವ ಹೊತ್ತಿನಲ್ಲಿ ಇದೆಲ್ಲ ಯಾಕಪ್ಪಾ ಅನ್ನಿಸುತ್ತದೆ.

ನೋಡುವುದಾದರೆ ಮೊದಲ ಸೀಸನ್ನಿನ ಮೊಹಾವಿ ಮರುಭೂಮಿಯ ಕಂತಿನಿಂದ ಶುರು ಮಾಡಿ. ಬೆನ್ನಟ್ಟುವವರಿಂದ ತಪ್ಪಿಸಿಕೊಳ್ಳುವ ಪಂದ್ಯಕ್ಕೆ ಎಲ್ಲರೂ ಕುದುರೆ ತಂದರೆ ಇವನು ಒಂಟೆ ಏರುತ್ತಾನೆ. ತಮಾಷೆ ಅನ್ನಿಸಿದರೂ ಅದರ ಹಿಂದೆ ನಿಜವಾದ ಚರಿತ್ರೆ ಇದೆ: 1850ರ ದಶಕದಲ್ಲಿ ಅಮೆರಿಕದ ಸೈನ್ಯ ಸಾಮಾನು ಹೊರಲು ಒಂಟೆಗಳನ್ನು ತರಿಸಿತ್ತು. ಮುದಿ ಬಂದೂಕುಗಾರನ ಕಥೆಯಿರುವ, ಕೊನೆಯ ಸೀಸನ್ನಿನ ಆ ಕಂತನ್ನು ಮಾತ್ರ ಈಗಲೇ ನೋಡಬೇಡಿ. ಕನಿಷ್ಠ ಎರಡು ಸೀಸನ್ ಮುಗಿಸಿ, ಅವನ ಪರಿಚಯ ಚೆನ್ನಾಗಿ ಆದಮೇಲೆ ನೋಡಿ.